ದೂರು ಕೊಡುವ ಮೊದಲು ಬಾಗಿಲು ಆರಿಸಿಕೊಳ್ಳಿ

ನನ್ನದೇ ತಪ್ಪಿನಿಂದ ಶುರು ಮಾಡುತ್ತೇನೆ. ಗದಗದ ಒಂದು ಆಫೀಸಿನ ಲೆಕ್ಕಪತ್ರ ವಿಭಾಗದಲ್ಲಿದ್ದೆ. ಒಂದೇ ರಸ್ತೆ ಕೆಲಸಕ್ಕೆ ಎರಡು ಸಲ ಬಿಲ್ ಆಗಿದ್ದು ಕಣ್ಣಿಗೆ ಬಿತ್ತು. ತಾರೀಖು ಬೇರೆ ಬೇರೆ, ಆದರೆ ಎಂ.ಬಿ. ಪುಸ್ತಕದ, ಅಂದರೆ ಕೆಲಸದ ಅಳತೆ ಬರೆಯುವ ಪುಸ್ತಕದ, ಪುಟ ಮಾತ್ರ ಒಂದೇ. ಸಂಜೆ ಮಿರ್ಚಿ ತಿನ್ನುತ್ತಾ ಜೊತೆಯವರಿಗೆ ಹೇಳಿಬಿಟ್ಟೆ. ರಾತ್ರಿ ಸಿಟ್ಟಿನಲ್ಲಿ ಮೂರು ಪುಟದ ಪತ್ರ ಬರೆದು, ಕೆಳಗೆ ದೊಡ್ಡದಾಗಿ ಸಹಿ ಹಾಕಿ, ಮರುದಿನ ಮೇಲಿನ ಆಫೀಸಿಗೆ ಕಳಿಸಿದೆ. ಹದಿನೈದು ದಿನ ಆಗಿರಲಿಲ್ಲ, ಅದೇ ಪತ್ರ "ಪರಿಶೀಲಿಸಿ ವರದಿ ಸಲ್ಲಿಸಿ" ಎಂಬ ಷರಾ ಹೊತ್ತುಕೊಂಡು, ನಾನು ಯಾರ ಮೇಲೆ ದೂರು ಬರೆದಿದ್ದೆನೋ ಅವರ ಟೇಬಲ್ಲಿಗೇ ಬಂದು ಕೂತಿತ್ತು. ಸಾಹೇಬರು ನನ್ನನ್ನು ಒಳಗೆ ಕರೆದರು. ಚಹಾ ತರಿಸಿದರು. ಬೈಯಲಿಲ್ಲ. "ನಿಮ್ಮ ಅಕ್ಷರ ಭಾಳ ಚಂದ ಅದಾವ ನೋಡ್ರಿ" ಅಂದರು. ಮುಂದಿನ ತಿಂಗಳು ವರ್ಗಾವಣೆ ಆರ್ಡರ್ ಬಂತು.

ಈಗ ರಿಟೈರ್ ಆಗಿ ಧಾರವಾಡದಲ್ಲಿದ್ದೇನೆ. ಆಗೀಗ ಯಾರಾದರೂ ಪ್ಲಾಸ್ಟಿಕ್ ಚೀಲದಲ್ಲಿ ಕಾಗದ ಹಿಡಿದುಕೊಂಡು ಮನೆಗೆ ಬರುತ್ತಾರೆ. "ಕಾಕಾ, ಇದನ್ನ ಎಲ್ಲಿ ಕೊಡಬೇಕ್ರಿ?" ಅಂತ ಕೇಳುತ್ತಾರೆ. ಆ ಪ್ರಶ್ನೆ ಕೇಳಿದರೆ ನನಗೆ ಅರ್ಧ ಸಮಾಧಾನ, ಯಾಕೆಂದರೆ ನಾನು ಅದನ್ನೇ ಕೇಳಿರಲಿಲ್ಲ. ಕಾನೂನಿನಲ್ಲಿ ಏನು ಬರೆದಿದೆ ಅನ್ನುವುದಕ್ಕಿಂತ ನಿಮ್ಮ ಕಾಗದ ಮೊದಲು ಯಾರ ಕೈಗೆ ಹೋಯಿತು ಅನ್ನುವುದರ ಮೇಲೆ ನಿಮ್ಮ ನೌಕರಿ, ಕೆಲವು ಸಲ ಜೀವ ಕೂಡ, ನಿಂತಿರುತ್ತದೆ.

ಒಳಗಿನ ಅವ್ಯವಹಾರವನ್ನು ಎತ್ತಿ ಹೇಳುವ ಇಂಥವರಿಗೆ ಇಂಗ್ಲಿಷಿನಲ್ಲಿ ವಿಸಲ್‌ಬ್ಲೋವರ್ ಅಂತಾರೆ. ನಮ್ಮಲ್ಲಿ ಇದಕ್ಕೆ ಇರುವ ಹೆಸರುಗಳೆಲ್ಲ ಬೈಗುಳಗಳೇ. ಚಾಡಿಕೋರ, ಮನೆಮುರುಕ, ಉಂಡ ಮನೆಯ ಜಂತಿ ಎಣಿಸುವವನು. ಜಂತಿಗೆ ಗೆದ್ದಲು ಹಿಡಿದಿದ್ದರೆ ಎಣಿಸಬೇಕೋ ಬೇಡವೋ, ಅದನ್ನು ಮಾತ್ರ ಗಾದೆ ಹೇಳುವುದಿಲ್ಲ.

ಮೊದಲು ಬಾಯಿಗೆ ಬೀಗ

ಅವ್ಯವಹಾರ ಕಂಡ ಕೂಡಲೇ ಯಾರಿಗೂ ಹೇಳಬೇಡಿ. ಜೊತೆಯವರಿಗೆ, ಯೂನಿಯನ್ ಲೀಡರ್‌ಗೆ, ಪರಿಚಯದ ಪತ್ರಕರ್ತರಿಗೆ, ಯಾರಿಗೂ. ಹುಬ್ಬಳ್ಳಿ-ಧಾರವಾಡ ಹೆಸರಿಗೆ ಮಹಾನಗರ, ಆದರೆ ಮಾತು ಹಳ್ಳಿಯ ವೇಗದಲ್ಲೇ ಓಡುತ್ತದೆ. ಬೆಳಿಗ್ಗೆ ಕೊಪ್ಪಿಕರ್ ರೋಡಿನಲ್ಲಿ ಆಡಿದ್ದು ಸಂಜೆ ಸಪ್ತಾಪುರದಲ್ಲಿ ಕೇಳಿಸುತ್ತದೆ.

ವಾಟ್ಸಾಪ್ ಗ್ರೂಪಿನಲ್ಲಿ ಹಾಕುವುದಂತೂ ಬೇಡವೇ ಬೇಡ. ಇದರಲ್ಲಿ ಕಾನೂನಿನ ಮಾತೂ ಇದೆ. ಒಬ್ಬರ ಮೇಲಿನ ಆರೋಪವನ್ನು, ಅದನ್ನು ವಿಚಾರಿಸುವ ಅಧಿಕಾರ ಇರುವವರಿಗೆ ಒಳ್ಳೆಯ ನಂಬಿಕೆಯಿಂದ ಕೊಟ್ಟರೆ ಅದು ಮಾನಹಾನಿ ಆಗುವುದಿಲ್ಲ. ಹಳೇ ಐಪಿಸಿಯಲ್ಲೂ ಈ ವಿನಾಯಿತಿ ಇತ್ತು, ಈಗಿನ ಭಾರತೀಯ ನ್ಯಾಯ ಸಂಹಿತೆಯ ಕಲಂ 356ರಲ್ಲೂ ಇದೆ. ಅದೇ ಆರೋಪವನ್ನು ಗ್ರೂಪಿನ 200 ಜನರಿಗೆ ಕಳಿಸಿದರೆ ಈ ವಿನಾಯಿತಿ ನಿಮ್ಮ ಸಹಾಯಕ್ಕೆ ಬರುವುದಿಲ್ಲ. ಕಳ್ಳ ಹೊರಗೆ ಓಡಾಡಿಕೊಂಡಿರುತ್ತಾನೆ, ನೀವು ವಕೀಲರ ನೋಟಿಸಿಗೆ ಉತ್ತರ ಬರೆಯುತ್ತಾ ಕೂತಿರುತ್ತೀರಿ.

ಕಾಗದ ಕೂಡಿಸುವಾಗ

ಒಂದು ಹಾಳೆಯಲ್ಲಿ ಮೂರು ಕಾಲಂ ಹಾಕಿ. ನಾನೇ ನೋಡಿದ್ದು, ಬೇರೆಯವರಿಂದ ಕೇಳಿದ್ದು, ನನ್ನ ಊಹೆ. ಈ ಕೆಲಸ ಮಾಡಿದಾಗ ಹೆಚ್ಚಿನವರ ಮೂರು ಪುಟದ ದೂರು ಅರ್ಧ ಪುಟಕ್ಕೆ ಇಳಿಯುತ್ತದೆ. ಒಳ್ಳೆಯದೇ ಆಯಿತು. ದೂರಿನಲ್ಲಿ ಮೊದಲ ಕಾಲಂ ಪೂರ್ತಿ ಬರಲಿ, ಎರಡನೆಯದರಿಂದ ತಾಳೆ ನೋಡಬಹುದಾದದ್ದು ಮಾತ್ರ ಬರಲಿ, ಮೂರನೆಯದನ್ನು ಹರಿದು ಬಿಸಾಡಿ. "ಇವರು ಕೋಟ್ಯಂತರ ನುಂಗಿದ್ದಾರೆ" ಅನ್ನುವ ಸಾಲಿನಿಂದ ತನಿಖೆಯವರಿಗೆ ಏನೂ ಸಿಗುವುದಿಲ್ಲ. ಬಿಲ್ ನಂಬರು, ತಾರೀಖು, ಎಂ.ಬಿ. ಪುಟ, ಚೆಕ್ ನಂಬರು ಕೊಟ್ಟರೆ ಅವರು ನೇರವಾಗಿ ಆ ಫೈಲನ್ನೇ ಕೇಳಬಹುದು.

ಮೂಲ ದಾಖಲೆಯನ್ನು ಆಫೀಸಿನಿಂದ ಹೊರಗೆ ತರಬೇಡಿ. ತಂದರೆ ಕಳವಿನ ಕೇಸು ನಿಮ್ಮ ಮೇಲೆ. ಆಫೀಸಿನ ಪ್ರಿಂಟರ್, ಆಫೀಸಿನ ವೈಫೈ, ಆಫೀಸಿನ ಇಮೇಲ್ ಮುಟ್ಟಬೇಡಿ, ಅವೆಲ್ಲ ಗುರುತು ಉಳಿಸಿಕೊಳ್ಳುತ್ತವೆ. ಹಾಗೆಯೇ ಆಫೀಸಿನ ಎದುರಿನ ಝೆರಾಕ್ಸ್ ಅಂಗಡಿಗೂ ಹೋಗಬೇಡಿ. ಆ ಅಂಗಡಿಯವನಿಗೆ ನಿಮ್ಮ ಸಾಹೇಬರೇ ದೊಡ್ಡ ಗಿರಾಕಿ, ಅಲ್ವಾ?

ಇನ್ನೊಂದು ದಾರಿ ಮಾಹಿತಿ ಹಕ್ಕು. ಯಾವ ಫೈಲಿನಲ್ಲಿ ಯಾವ ಹಾಳೆ ಇದೆ ಅಂತ ನಿಮಗೆ ಗೊತ್ತಿದೆ. ಅದೇ ಹಾಳೆಯನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಬೇರೆ ಊರಿನ ನಂಬಿಕಸ್ಥರೊಬ್ಬರು ಕೇಳಿದರೆ, ಅದು ದೃಢೀಕೃತ ಪ್ರತಿಯಾಗಿ ಕೈಗೆ ಬರುತ್ತದೆ. ಕದ್ದದ್ದು ಅನ್ನುವ ಮಾತೇ ಬರುವುದಿಲ್ಲ. ಅರ್ಜಿ ಶುಲ್ಕ 10 ರೂಪಾಯಿ, ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಇರಬೇಕು, 150 ಪದ ಮೀರಬಾರದು. ಯಾಕೆ ಬೇಕು ಅಂತ ಕಾರಣ ಹೇಳಬೇಕಿಲ್ಲ. ಉತ್ತರಕ್ಕೆ ಅವರಿಗೆ 30 ದಿನ. ಆದರೆ ಹುಷಾರು, ಇಷ್ಟು ಕರಾರುವಾಕ್ಕಾಗಿ ಒಂದೇ ಬಿಲ್ ನಂಬರು ಕೇಳಿದರೆ ಒಳಗಿನವರೇ ಹೇಳಿಕೊಟ್ಟಿದ್ದಾರೆ ಅಂತ ಯಾರಿಗಾದರೂ ತಿಳಿಯುತ್ತದೆ. ಆ ಇಡೀ ವರ್ಷದ ಬಿಲ್ ಪಟ್ಟಿ ಕೇಳಿಸಿ. ನಿಮಗೆ ಬೇಕಾದ ಹಾಳೆ ಅದರಲ್ಲಿ ಸುಮ್ನೆ ಸೇರಿಕೊಂಡು ಬರುತ್ತದೆ.

ಫೋಟೋ, ಆಡಿಯೋ ಇದ್ದರೆ ಮೂಲ ಫೈಲ್ ಅದೇ ಫೋನಿನಲ್ಲಿ ಇರಲಿ. ವಾಟ್ಸಾಪಿನಲ್ಲಿ ದಾಟಿಸಿದರೆ ಫೋಟೋ ಕುಗ್ಗುತ್ತದೆ, ತೆಗೆದ ಸಮಯದ ವಿವರ ಅಳಿಸಿಹೋಗುತ್ತದೆ. ಕೋರ್ಟಿನಲ್ಲಿ ಡಿಜಿಟಲ್ ಸಾಕ್ಷಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಬೇಕಾಗುತ್ತದೆ, ಅದರಲ್ಲಿ ಫೈಲಿನ ಹ್ಯಾಶ್ ಮೌಲ್ಯವನ್ನೂ, ಅಂದರೆ ಫೈಲಿನ ಬೆರಳಚ್ಚಿನಂಥ ಸಂಕೇತವನ್ನೂ, ಬರೆಯಬೇಕು. ಆಮೇಲೆ ಫೋನ್ ಮಾರಿದೆ, ಕಳೆದುಹೋಯಿತು ಅಂದರೆ ಪಡಿಪಾಟಲು ನಿಮ್ಮದೇ.

ಯಾರ ಬಾಗಿಲು ಯಾವುದು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಜಾಸ್ತಿ ಜನ ಎಡವುವುದು ಇಲ್ಲೇ.

ನಮ್ಮ ದೇಶದಲ್ಲಿ ಇದಕ್ಕೆಂದೇ ಒಂದು ಕಾಯ್ದೆ ಇದೆ, 2014ರದ್ದು. ದೂರು ಕೊಟ್ಟವರ ಹೆಸರು ಬಯಲು ಮಾಡಿದವರಿಗೆ 3 ವರ್ಷದವರೆಗೆ ಜೈಲು, 50 ಸಾವಿರ ರೂಪಾಯಿವರೆಗೆ ದಂಡ ಅಂತ ಅದರಲ್ಲಿ ಬರೆದಿದೆ. ಓದಿದರೆ ಹೊಟ್ಟೆ ತುಂಬುತ್ತದೆ. ಆದರೆ ಸಂಸತ್ತು ಪಾಸು ಮಾಡಿ, ರಾಷ್ಟ್ರಪತಿಗಳ ಅಂಕಿತ ಬಿದ್ದ ಮೇಲೂ ಅದು ಜಾರಿಗೆ ಬರಲಿಲ್ಲ, ಜಾರಿಯ ದಿನಾಂಕವನ್ನೇ ಸರಕಾರ ಪ್ರಕಟಿಸಲಿಲ್ಲ. ಹಾಗಾಗಿ "ಹೊಸ ಕಾಯ್ದೆ ಬಂದಿದೆ, ಹೆದರಬೇಡಿ" ಅಂತ ಯಾರಾದರೂ ಧೈರ್ಯ ಹೇಳಿದರೆ ಆ ಮಾತಿನ ಮೇಲೆ ಒಂದು ಹೆಜ್ಜೆಯನ್ನೂ ಇಡಬೇಡಿ.

ಜಾರಿಯಲ್ಲಿರುವುದು ಅದಕ್ಕಿಂತ ಹಳೆಯದು, 2004ರ ಏಪ್ರಿಲ್‌ನಲ್ಲಿ ಕೇಂದ್ರ ಸರಕಾರ ಹೊರಡಿಸಿದ ಒಂದು ನಿರ್ಣಯ. ಸಾರ್ವಜನಿಕ ಹಿತಕ್ಕಾಗಿ ಮಾಹಿತಿ ಬಹಿರಂಗ ಮತ್ತು ಮಾಹಿತಿದಾರರ ರಕ್ಷಣೆಯ ನಿರ್ಣಯ, ಇಂಗ್ಲಿಷ್ ಅಕ್ಷರಗಳಲ್ಲಿ ಚಿಕ್ಕದಾಗಿ ಪಿಐಡಿಪಿಐ (PIDPI) ಅಂತಾರೆ. ಇದು ಹುಟ್ಟಿದ್ದು ಒಂದು ಸಾವಿನಿಂದ. ಸತ್ಯೇಂದ್ರ ದುಬೆ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಎಂಜಿನಿಯರ್. ಹೆದ್ದಾರಿ ಕೆಲಸದ ಅವ್ಯವಹಾರದ ಬಗ್ಗೆ ನೇರವಾಗಿ ಪ್ರಧಾನಿ ಕಚೇರಿಗೆ ಬರೆದರು, ಹೆಸರು ಗುಟ್ಟಾಗಿರಲಿ ಅಂತ ಕೇಳಿಕೊಂಡಿದ್ದರು. ಪತ್ರ ಹೆಸರಿನ ಸಮೇತ ಆಫೀಸಿನಿಂದ ಆಫೀಸಿಗೆ ತಿರುಗಿತು. 2003ರ ನವೆಂಬರ್ 27ರಂದು ಗಯಾದಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಕೊಲೆ ದರೋಡೆಗಾಗಿ ನಡೆದದ್ದು ಅಂತ ಸಿಬಿಐ ಹೇಳಿತು. ಕಾರಣ ಏನೇ ಇರಲಿ, ಗುಟ್ಟಾಗಿಡಿ ಅಂದಿದ್ದ ಹೆಸರು ಹತ್ತು ಕೈ ದಾಟಿದ್ದಂತೂ ಸುಳ್ಳಲ್ಲ. ಅದನ್ನು ಓದಿದಾಗ ನನಗೆ ನನ್ನ ಮೂರು ಪುಟ ನೆನಪಾಗಿ ಮೈ ಜುಮ್ಮೆಂದಿತ್ತು.

ಈ ನಿರ್ಣಯ ಕೇಂದ್ರ ಸರಕಾರದ ನೌಕರರು, ಕೇಂದ್ರದ ನಿಗಮಗಳು, ಸರಕಾರಿ ಬ್ಯಾಂಕುಗಳ ಮೇಲಿನ ದೂರಿಗೆ ಮಾತ್ರ. ನಮ್ಮ ಊರಿನ ಲೆಕ್ಕದಲ್ಲಿ ಹೇಳುವುದಾದರೆ, ಹುಬ್ಬಳ್ಳಿಯಲ್ಲಿ ಮುಖ್ಯ ಕಚೇರಿ ಇರುವ ನೈಋತ್ಯ ರೈಲ್ವೆ, ಅಂಚೆ ಇಲಾಖೆ, ಧಾರವಾಡದ ಐಐಟಿ ಇವೆಲ್ಲ ಕೇಂದ್ರದ ಲೆಕ್ಕಕ್ಕೆ ಬರುತ್ತವೆ. ಹೆಸ್ಕಾಂ, ವಾಯವ್ಯ ಸಾರಿಗೆ, ಮಹಾನಗರ ಪಾಲಿಕೆ, ಕರ್ನಾಟಕ ವಿಶ್ವವಿದ್ಯಾಲಯ, ತಹಶೀಲ್ದಾರ್ ಕಚೇರಿ, ಗ್ರಾಮ ಪಂಚಾಯಿತಿ ರಾಜ್ಯದವು. ಅವುಗಳ ಬಾಗಿಲು ಬೇರೆ, ಮುಂದೆ ಹೇಳುತ್ತೇನೆ.

ಲಕೋಟೆಯ ವಿಷಯ

ಪಿಐಡಿಪಿಐ ದೂರಿನಲ್ಲಿ ಅರ್ಧ ರಕ್ಷಣೆ ಲಕೋಟೆಯಲ್ಲೇ ಇದೆ. ಆನ್‌ಲೈನಿನಲ್ಲಿ ಹಾಕಬೇಡಿ, ಇಮೇಲ್ ಬೇಡ. ಕಾಗದದಲ್ಲಿ ಬರೆದು, ಲಕೋಟೆಗೆ ಗಟ್ಟಿಯಾಗಿ ಅಂಟು ಹಾಕಿ, ಮೇಲೆ ಇಂಗ್ಲಿಷಿನಲ್ಲಿ ದಪ್ಪಗೆ ಪಿಐಡಿಪಿಐ ಅಂತ ಬರೆಯಿರಿ. ಅದನ್ನು ಬರೆಯಲು ಮರೆತರೆ ಅದು ಸಾಮಾನ್ಯ ದೂರಾಗುತ್ತದೆ, ಹೆಸರು ಗುಟ್ಟಾಗಿಡುವ ಹೊಣೆ ಅವರಿಗಿಲ್ಲ. ವಿಳಾಸ: ಕಾರ್ಯದರ್ಶಿ, ಕೇಂದ್ರ ಜಾಗೃತ ಆಯೋಗ, ಸತರ್ಕತಾ ಭವನ, ಐಎನ್‌ಎ, ನವದೆಹಲಿ 110023.

ಲಕೋಟೆಯ ಹೊರಗೆ ನಿಮ್ಮ ಹೆಸರು, ವಿಳಾಸ ಬೇಡ. ಅಂಚೆ ಕೌಂಟರಿನಲ್ಲಿ "ಫ್ರಮ್ ಅಡ್ರೆಸ್ ಎಲ್ಲೈತ್ರಿ?" ಅಂತ ಕೇಳಬಹುದು. ಇಂಥ ಲಕೋಟೆಯನ್ನು ಕಳಿಸಿದವರ ವಿಳಾಸ ಇಲ್ಲದೆಯೇ ತೆಗೆದುಕೊಳ್ಳಬೇಕು ಅಂತ ಅಂಚೆ ಇಲಾಖೆಯೇ ತನ್ನ ಸಿಬ್ಬಂದಿಗೆ ಸೂಚನೆ ಕೊಟ್ಟಿದೆ, ಮೆಲ್ಲಗೆ ಹೇಳಿ. ವಾದ ಬೆಳೆದರೆ ಅಲ್ಲಿ ಜಗಳ ಮಾಡುತ್ತಾ ನಿಲ್ಲಬೇಡಿ, ಇನ್ನೊಂದು ಅಂಚೆ ಕಚೇರಿಗೆ ಹೋಗಿ.

ಒಳಗೆ ಮಾತ್ರ ನಿಮ್ಮ ಹೆಸರು, ವಿಳಾಸ ಇರಲೇಬೇಕು. ಅನಾಮಧೇಯ ದೂರನ್ನು ಈ ನಿರ್ಣಯದಡಿ ತೆಗೆದುಕೊಳ್ಳುವುದಿಲ್ಲ. ಜನ ಇಲ್ಲಿ ಗೊಂದಲ ಮಾಡಿಕೊಳ್ಳುತ್ತಾರೆ. ಹೆಸರು ಬೇಕು, ಆದರೆ ಬೇರೆ ಹಾಳೆಯಲ್ಲಿ ಬರಲಿ, ಅಥವಾ ಪತ್ರದ ಮೊದಲಲ್ಲೋ ಕೊನೆಯಲ್ಲೋ, ಸುಲಭವಾಗಿ ಬೇರೆ ಮಾಡುವ ಹಾಗೆ ಬರಲಿ. ದೂರಿನ ಮೈಯಲ್ಲಿ ನೀವು ಯಾರು ಅಂತ ಹೊಳೆಯುವ ಒಂದು ಎಳೆಯೂ ಇರಬಾರದು. "ನಾನು ಈ ಸೆಕ್ಷನ್ನಿನಲ್ಲಿ 12 ವರ್ಷದಿಂದ ಇದ್ದೇನೆ", "ಕಳೆದ ಮಂಗಳವಾರ ಸಾಹೇಬರು ನನಗೆ ಒಬ್ಬನಿಗೇ ಹೇಳಿದರು" ಇಂಥ ಸಾಲು ಬರೆದರೆ ಹೆಸರು ಮುಚ್ಚಿಟ್ಟು ಏನು ಉಪಯೋಗ? ಕೈಬರಹವೂ ಬೇಡ. ನನ್ನ ಚಂದದ ಅಕ್ಷರದ ಕಥೆ ಕೇಳಿದಿರಲ್ಲ.

ಇದರ ಪ್ರತಿಯನ್ನು ಬೇರೆ ಯಾರಿಗೂ ಕಳಿಸಬೇಡಿ. ಮಂತ್ರಿಗೊಂದು, ಎಂಪಿಗೊಂದು, ಪತ್ರಿಕೆಗೊಂದು ಪ್ರತಿ ಹಾಕಿದರೆ ಗುಟ್ಟು ನೀವೇ ಬಿಟ್ಟುಕೊಟ್ಟ ಹಾಗೆ, ಆಗ ಈ ನಿರ್ಣಯದ ರಕ್ಷಣೆ ಸಿಗುವುದಿಲ್ಲ. ಆಯೋಗ ಮೊದಲು ದೂರು ನಿಮ್ಮದೇ ಹೌದೇ ಅಂತ ನಿಮ್ಮಿಂದ ಖಚಿತ ಮಾಡಿಕೊಳ್ಳುತ್ತದೆ, ಆ ಪತ್ರಕ್ಕೆ ಉತ್ತರ ಕೊಡದಿದ್ದರೆ ಕೆಲಸ ಅಲ್ಲೇ ನಿಲ್ಲುತ್ತದೆ. ಹಾಗಾಗಿ ಒಳಗೆ ಬರೆಯುವ ವಿಳಾಸ ನಿಮ್ಮ ಕೈಗೇ ಟಪಾಲು ಸಿಗುವಂಥದ್ದಾಗಿರಲಿ, ಆಫೀಸಿನ ಕ್ವಾರ್ಟರ್ಸ್ ಬೇಡ. ಸ್ವೀಕೃತಿ ಪತ್ರ ಬರುವುದಿಲ್ಲ, ಅದು ನಿಮ್ಮ ಸುರಕ್ಷತೆಗೇ. ಏನಾಯಿತು ಅಂತ ಮೇಲಿಂದ ಮೇಲೆ ಪತ್ರ ಬರೆಯಲೂ ಬೇಡಿ.

ನನ್ನ ಪ್ರಮೋಷನ್ ತಪ್ಪಿಸಿದರು, ನನಗೆ ರಜೆ ಕೊಡಲಿಲ್ಲ, ಇಂಥವು ಇದರಲ್ಲಿ ನಡೆಯುವುದಿಲ್ಲ. ಭ್ರಷ್ಟಾಚಾರ, ಅಧಿಕಾರ ದುರುಪಯೋಗ ಇದ್ದರೆ ಮಾತ್ರ.

ರಾಜ್ಯದ ಆಫೀಸಾದರೆ

ಲೋಕಾಯುಕ್ತ. 1984ರ ಕಾಯ್ದೆ. ನಿಗದಿತ ಫಾರಂ ಜೊತೆಗೆ ಪ್ರಮಾಣಪತ್ರ, ಅಂದರೆ ಅಫಿಡವಿಟ್ ಕೊಡಬೇಕು. ಆರೋಪದ ಘಟನೆ ನಡೆದು 5 ವರ್ಷ ದಾಟಿದ್ದರೆ ತೆಗೆದುಕೊಳ್ಳುವುದಿಲ್ಲ. ಮಧ್ಯೆ 2016ರಲ್ಲಿ ಎಸಿಬಿ, ಅಂದರೆ ಭ್ರಷ್ಟಾಚಾರ ನಿಗ್ರಹ ದಳ, ಅಂತ ಬೇರೆ ಮಾಡಿದ್ದರು, 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು, ಆ ಕೆಲಸ ಮತ್ತೆ ಲೋಕಾಯುಕ್ತ ಪೊಲೀಸರಿಗೆ ಬಂದಿದೆ. ಹಳೇ ಬೋರ್ಡು ನೋಡಿಕೊಂಡು ಎಸಿಬಿ ಹುಡುಕಬೇಡಿ.

ಇಲ್ಲಿ ಒಂದು ಮಾತು ಯಾರೂ ಮೊದಲೇ ಹೇಳುವುದಿಲ್ಲ, ನಾನು ಹೇಳುತ್ತೇನೆ. ಲೋಕಾಯುಕ್ತ ನಿಮ್ಮ ಹೆಸರನ್ನು ಸಾರ್ವಜನಿಕರಿಗೆ, ಪತ್ರಿಕೆಯವರಿಗೆ ಬಿಟ್ಟುಕೊಡುವಂತಿಲ್ಲ, ನಿಜ. ಆದರೆ ತನಿಖೆ ಶುರುವಾದಾಗ ದೂರಿನ ಪ್ರತಿ ಎದುರಿನ ಅಧಿಕಾರಿಗೆ ಹೋಗುತ್ತದೆ, ಅವರು ಉತ್ತರ ಕೊಡಬೇಕಲ್ಲ. ಅಂದರೆ ಊರಿಗೆ ಗೊತ್ತಾಗದಿದ್ದರೂ ನಿಮ್ಮ ಸಾಹೇಬರಿಗೆ ಗೊತ್ತಾಗುತ್ತದೆ. ನೀವು ಅದೇ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದರೆ ಇದನ್ನು ಲೆಕ್ಕಕ್ಕೆ ಹಿಡಿದೇ ಸಹಿ ಹಾಕಿ. ಬೇಕೆಂತಲೇ ಸುಳ್ಳು ದೂರು ಕೊಟ್ಟರೆ ಜೈಲು ಶಿಕ್ಷೆಯೂ ಆ ಕಾಯ್ದೆಯಲ್ಲೇ ಇದೆ. ಮೂರು ಕಾಲಂ ಹಾಕಿ ಅಂದದ್ದು ಅದಕ್ಕೇ.

ಒಳಗಿನವರ ಹೆಸರು ಬರದ ಹಾಗೆ ವಿಷಯ ಹೊರಗೆ ಬರಲು ಇನ್ನೊಂದು ದಾರಿ ಇದೆ, ಸಂಘಟನೆ ಮುಂದೆ ನಿಲ್ಲುವುದು. ನಮ್ಮ ಧಾರವಾಡದ್ದೇ ಉದಾಹರಣೆ ನೋಡಿ. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಬಳ್ಳಾರಿ ಅಕ್ರಮ ಗಣಿಗಾರಿಕೆ ವಿರುದ್ಧ 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 2011ರಲ್ಲಿ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು, 2013ರ ಏಪ್ರಿಲ್‌ನಲ್ಲಿ ತೀರ್ಪು ಬಂತು. ಅರ್ಜಿದಾರರು ಸಂಸ್ಥೆ ಆದಾಗ ಕಾಗದ ಮಾತಾಡುತ್ತದೆ, ಕಾಗದ ಯಾರು ತೋರಿಸಿದರು ಅನ್ನುವ ಪ್ರಶ್ನೆ ಹಿಂದೆ ಸರಿಯುತ್ತದೆ.

ಸೊಸೈಟಿಗಳಲ್ಲಿ, ಅಂದರೆ ನಮ್ಮ ಹಳ್ಳಿಗಳ ಪ್ರಾಥಮಿಕ ಸಹಕಾರಿ ಸಂಘಗಳಲ್ಲಿ ಇದೇ ತಂತ್ರ ಬೇರೆ ರೀತಿ. ಅಲ್ಲಿ ಸದಸ್ಯರಿಗೇ ಅಧಿಕಾರ ಇದೆ, 1959ರ ಸಹಕಾರ ಸಂಘಗಳ ಕಾಯ್ದೆಯ ಕಲಂ 64ರಲ್ಲಿ ವಿಚಾರಣೆ ಆಗಬೇಕು ಅಂತ ಡಿ.ಆರ್. ಆಫೀಸಿನಲ್ಲಿ, ಅಂದರೆ ಸಹಕಾರ ಇಲಾಖೆಯ ಉಪ ನಿಬಂಧಕರ ಕಚೇರಿಯಲ್ಲಿ, ಕೇಳಬಹುದು. ಒಬ್ಬರೇ ಹೋಗಬೇಡಿ. ಹಾವೇರಿ ಕಡೆಯ ಒಬ್ಬ ಸೊಸೈಟಿ ಗುಮಾಸ್ತನಿಗೆ ನಾನು ಹೇಳಿದ್ದು ಇಷ್ಟೇ: "ನೀ ಬರೀಬ್ಯಾಡ ತಮ್ಮಾ, ಜನರಲ್ ಬಾಡಿಯೊಳಗ ರೈತರು ಲೆಕ್ಕ ಕೇಳಲಿ." ಅರ್ಜಿಯ ಕೆಳಗೆ ನೂರು ಸಹಿ, ಅರ್ಧದಷ್ಟು ಹೆಬ್ಬೆಟ್ಟು. ಮೊದಲು ಬಾಯಿ ಬಿಟ್ಟವರು ಯಾರು ಅಂತ ಅಧ್ಯಕ್ಷರು ಇನ್ನೂ ಹುಡುಕುತ್ತಿದ್ದಾರೆ.

ಲಂಚ ಕೇಳಿದ್ದರೆ ದಾರಿ ಬೇರೆ, ಚಿಕ್ಕದು. ಕೊಡುವ ಮೊದಲೇ ಲೋಕಾಯುಕ್ತ ಪೊಲೀಸರ ಹತ್ತಿರ ಹೋಗಿ. ನೋಟಿಗೆ ಫಿನಾಫ್ತಲೀನ್ ಪುಡಿ ಹಚ್ಚಿ ಕೊಡುತ್ತಾರೆ, ಮುಟ್ಟಿದ ಕೈಯನ್ನು ವಾಷಿಂಗ್ ಸೋಡಾ ಕರಗಿಸಿದ ನೀರಿನಲ್ಲಿ ಅದ್ದಿಸಿದರೆ ನೀರು ಗುಲಾಬಿ ಆಗುತ್ತದೆ. ಒತ್ತಾಯಕ್ಕೆ ಈಗಾಗಲೇ ಕೊಟ್ಟಾಗಿದೆಯೇ? 7 ದಿನದೊಳಗೆ ತಿಳಿಸಬೇಕು. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿಯಾದ ಮೇಲೆ ಲಂಚ ಕೊಟ್ಟವರೂ ಆರೋಪಿಗಳೇ, ಈ 7 ದಿನವೇ ನಿಮ್ಮನ್ನು ಉಳಿಸುವುದು.

ಖಾಸಗಿ ಕಂಪನಿಯಲ್ಲಿ

ಷೇರು ಪೇಟೆಯಲ್ಲಿರುವ ಕಂಪನಿಗಳು, ಜನರಿಂದ ಠೇವಣಿ ತೆಗೆದುಕೊಳ್ಳುವ ಕಂಪನಿಗಳು, ಬ್ಯಾಂಕಿನಿಂದ 50 ಕೋಟಿಗಿಂತ ಜಾಸ್ತಿ ಸಾಲ ಇರುವ ಕಂಪನಿಗಳು ತಮ್ಮೊಳಗೇ ದೂರಿನ ವ್ಯವಸ್ಥೆ ಇಟ್ಟುಕೊಳ್ಳಬೇಕು ಅಂತ 2013ರ ಕಂಪನಿ ಕಾಯ್ದೆ ಹೇಳುತ್ತದೆ. ಅದರ ಹೆಸರು ವಿಜಿಲ್ ಮೆಕ್ಯಾನಿಸಂ. ಗಂಭೀರ ವಿಷಯವಾದರೆ ಆಡಿಟ್ ಕಮಿಟಿ ಅಧ್ಯಕ್ಷರಿಗೇ ನೇರ ಬರೆಯಬಹುದು. ಎಚ್‌ಆರ್‌ಗೆ ಹೋಗುವುದಕ್ಕಿಂತ ಇದು ವಾಸಿ, ಯಾಕೆಂದರೆ ಎಚ್‌ಆರ್ ಸಂಬಳ ತೆಗೆದುಕೊಳ್ಳುವುದೂ ಅದೇ ಎಂಡಿ ಸಹಿಯಿಂದ. ಷೇರಿನ ಒಳ ಮಾಹಿತಿ ಬಳಸಿ ದುಡ್ಡು ಮಾಡಿದ್ದು ಗೊತ್ತಿದ್ದರೆ ಷೇರು ಪೇಟೆಯ ಮೇಲೆ ಕಣ್ಣಿಡುವ ಸೆಬಿಗೆ ತಿಳಿಸಬಹುದು, ವಸೂಲಾದ ಹಣದಲ್ಲಿ ಶೇ. 10ರವರೆಗೆ ಬಹುಮಾನ, 2021ರಿಂದ ಅದರ ಗರಿಷ್ಠ ಮಿತಿ 10 ಕೋಟಿ. ಉಳಿದಂತೆ ಸಣ್ಣ ಖಾಸಗಿ ಕಂಪನಿಗಳಲ್ಲಿ ರಕ್ಷಣೆ ಅನ್ನುವುದು ಇಲ್ಲವೇ ಇಲ್ಲ ಅಂದರೂ ತಪ್ಪಾಗುವುದಿಲ್ಲ.

ಮಕ್ಕಳು ಹೊರದೇಶದಲ್ಲಿದ್ದರೆ, ಅಥವಾ ಮಾಲು ಹೊರದೇಶಕ್ಕೆ ಹೋಗುತ್ತಿದ್ದರೆ

ಈ ಭಾಗ ಯಾಕೆ ಅಂದರೆ, ಈಗ ವಿದ್ಯಾಗಿರಿಯ ಓಣಿಗೆ ಒಬ್ಬರಾದರೂ ಅಮೆರಿಕದಲ್ಲೋ ಜರ್ಮನಿಯಲ್ಲೋ ಇದ್ದಾರೆ. ಅದಕ್ಕಿಂತ ಮುಖ್ಯವಾಗಿ, ಇಲ್ಲೇ ಕೂತು ಅಲ್ಲಿಯ ಬಾಗಿಲು ತಟ್ಟಬಹುದಾದ ಸಂದರ್ಭಗಳಿವೆ. ದಿನೇಶ್ ಠಾಕೂರ್ ಹಾಗೇ ಮಾಡಿದರು. ರ್‍ಯಾನ್‌ಬಾಕ್ಸಿ ಔಷಧ ಕಂಪನಿಯಲ್ಲಿದ್ದವರು. ಔಷಧದ ಪರೀಕ್ಷೆಯ ಅಂಕಿಅಂಶಗಳೇ ಸುಳ್ಳು ಅಂತ ಗೊತ್ತಾಗಿ, 2005ರಲ್ಲಿ ಕೆಲಸ ಬಿಟ್ಟು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಗೆ ತಿಳಿಸಿದರು, ಮೊದಲು ಬೇರೆ ಹೆಸರಿನಲ್ಲಿ. 2013ರಲ್ಲಿ ಕಂಪನಿ ತಪ್ಪೊಪ್ಪಿಕೊಂಡು 50 ಕೋಟಿ ಡಾಲರ್ ಕಟ್ಟಿತು, ಅದರಲ್ಲಿ ಸುಮಾರು 4.8 ಕೋಟಿ ಡಾಲರ್ ಅವರಿಗೆ ಬಂತು. ಎಂಟು ವರ್ಷ ಕಾಯಬೇಕಾಯಿತು, ಅದನ್ನೂ ಮರೆಯಬಾರದು.

ಅವರಿಗೆ ಆ ಪಾಲು ಸಿಕ್ಕಿದ್ದು 1863ರ ಫಾಲ್ಸ್ ಕ್ಲೇಮ್ಸ್ ಆ್ಯಕ್ಟ್‌ನಿಂದ. ಲಿಂಕನ್ ಕಾಲದ್ದು, ಅಂತರ್ಯುದ್ಧದಲ್ಲಿ ಸೇನೆಗೆ ಕಳಪೆ ಸಾಮಾನು ಕೊಟ್ಟ ಗುತ್ತಿಗೆದಾರರನ್ನು ಹಿಡಿಯಲು ಮಾಡಿದ್ದು. ಸರಕಾರಕ್ಕೆ ಮೋಸ ಆಗಿದ್ದರೆ ಸರಕಾರದ ಪರವಾಗಿ ನೀವೇ ದಾವೆ ಹಾಕಬಹುದು, ವಸೂಲಾದದ್ದರಲ್ಲಿ ಸಾಮಾನ್ಯವಾಗಿ ಶೇ. 15ರಿಂದ 30 ನಿಮ್ಮದು. ಷೇರು ಪೇಟೆಯ ಮೋಸಕ್ಕೆ 2010ರ ಡಾಡ್-ಫ್ರ್ಯಾಂಕ್ ಕಾಯ್ದೆ ಇದೆ. 10 ಲಕ್ಷ ಡಾಲರ್‌ಗಿಂತ ಜಾಸ್ತಿ ದಂಡ ವಸೂಲಾದರೆ ಶೇ. 10ರಿಂದ 30. 2023ರಲ್ಲಿ ಒಬ್ಬರಿಗೇ 27.9 ಕೋಟಿ ಡಾಲರ್ ಕೊಟ್ಟಿದ್ದಾರೆ, ಹೆಸರು ಮಾತ್ರ ಹೇಳಿಲ್ಲ. ವಕೀಲರ ಮೂಲಕ ಹೋದರೆ ಹೆಸರಿಲ್ಲದೆಯೂ ದೂರು ಕೊಡಬಹುದು.

ಆದರೆ ಅಲ್ಲಿಯೂ ಬಾಗಿಲಿನದ್ದೇ ಪ್ರಶ್ನೆ. ಕಂಪನಿಯೊಳಗೆ ಮಾತ್ರ ಹೇಳಿ, ಅಲ್ಲಿಯ ಷೇರು ಪೇಟೆ ನಿಯಂತ್ರಕ ಸಂಸ್ಥೆ ಎಸ್‌ಇಸಿಗೆ ತಿಳಿಸದವರಿಗೆ ಡಾಡ್-ಫ್ರ್ಯಾಂಕ್ ರಕ್ಷಣೆ ಇಲ್ಲ ಅಂತ ಅಲ್ಲಿಯ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿಬಿಟ್ಟಿತು. ಒಳ್ಳೆಯವನ ಹಾಗೆ ಮೊದಲು ಬಾಸ್‌ಗೆ ಹೇಳಿದವನೇ ಕೆಟ್ಟ! ಅವನಿಗೆ ಉಳಿದದ್ದು 2002ರ ಸರ್ಬೇನ್ಸ್-ಆಕ್ಸ್ಲಿ ಕಾಯ್ದೆ, ಅದರಲ್ಲಿ 180 ದಿನದೊಳಗೆ ದೂರು ಹಾಕಬೇಕು. ತಪ್ಪಿನಲ್ಲಿ ನಿಮ್ಮ ಕೈಯೂ ಇದ್ದರೆ ಬಹುಮಾನದ ಕಾಯ್ದೆ ನಿಮ್ಮನ್ನು ಜೈಲಿನಿಂದ ಉಳಿಸುವುದಿಲ್ಲ. ಸ್ವಿಸ್ ಬ್ಯಾಂಕಿನ ಗುಟ್ಟು ಬಿಚ್ಚಿಟ್ಟ ಬ್ರ್ಯಾಡ್ಲಿ ಬರ್ಕನ್‌ಫೆಲ್ಡ್‌ಗೆ ಮೊದಲು 40 ತಿಂಗಳ ಶಿಕ್ಷೆ ಆಯಿತು, ಆಮೇಲೆ 2012ರಲ್ಲಿ 10.4 ಕೋಟಿ ಡಾಲರ್ ಬಹುಮಾನ ಬಂತು. ಎರಡೂ ಒಂದೇ ದೇಶ ಕೊಟ್ಟದ್ದು.

ಬ್ರಿಟನ್ನಿನ ರಕ್ಷಣಾ ಕಾಯ್ದೆಯಲ್ಲಿ ಬಹುಮಾನ ಇಲ್ಲ. 1998ರ ಕಾಯ್ದೆ, ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ರಕ್ಷಣೆ, ಕೆಲಸದಿಂದ ತೆಗೆದರೆ ಕೊಡುವ ಪರಿಹಾರಕ್ಕೆ ಮೇಲಿನ ಮಿತಿ ಇಲ್ಲ. ಬಾಯಿ ಮುಚ್ಚಿಸುವ ಕರಾರಿಗೆ ಸಹಿ ಹಾಕಿದ್ದರೂ ಅದು ಇಂಥ ದೂರಿಗೆ ಅಡ್ಡ ಬರುವುದಿಲ್ಲ. ಅಲ್ಲಿರುವ ಹುಡುಗರು ನೆನಪಿಡಬೇಕಾದದ್ದು ಒಂದು, ಕೆಲಸದಿಂದ ತೆಗೆದ 7 ದಿನದೊಳಗೆ ನ್ಯಾಯಮಂಡಳಿಗೆ ಹೋದರೆ ಮಧ್ಯಂತರ ಪರಿಹಾರ ಕೇಳಬಹುದು. ಎಂಟನೇ ದಿನ ನಮ್ಮ ಹತ್ತಿರ ಫೋನ್ ಮಾಡಿ ಅತ್ತರೆ ಆಗುವುದಿಲ್ಲ.

ಯುರೋಪಿನ ನಿಯಮ ನನಗೆ ಎಲ್ಲಕ್ಕಿಂತ ಅಚ್ಚುಕಟ್ಟು ಅನಿಸುತ್ತದೆ. 2019ರ ನಿರ್ದೇಶನ, ಜರ್ಮನಿ ತನ್ನ ಕಾಯ್ದೆಯನ್ನು 2023ರ ಜುಲೈನಲ್ಲಿ ಜಾರಿ ಮಾಡಿತು. 50 ಅಥವಾ ಹೆಚ್ಚು ಕೆಲಸಗಾರರಿರುವ ಕಂಪನಿ ದೂರಿನ ವ್ಯವಸ್ಥೆ ಇಡಲೇಬೇಕು, 7 ದಿನದಲ್ಲಿ ಸ್ವೀಕೃತಿ ಕೊಡಬೇಕು, 3 ತಿಂಗಳಲ್ಲಿ ಏನು ಮಾಡಿದೆವು ಅಂತ ಹೇಳಬೇಕು. ಮೊದಲು ಕಂಪನಿಗೇ ಹೇಳಬೇಕೆಂದಿಲ್ಲ, ನೇರ ಸರಕಾರಿ ಪ್ರಾಧಿಕಾರಕ್ಕೂ ಹೋಗಬಹುದು. ಮಾಜಿ ನೌಕರರು, ಕೆಲಸಕ್ಕೆ ಅರ್ಜಿ ಹಾಕಿದವರು, ದೂರು ಕೊಡಲು ಸಹಾಯ ಮಾಡಿದವರು ಎಲ್ಲರೂ ಇದರ ನೆರಳಿಗೆ ಬರುತ್ತಾರೆ. ಎಲ್ಲಕ್ಕಿಂತ ದೊಡ್ಡದು, ದೂರಿನ ನಂತರ ನಿಮಗೆ ತೊಂದರೆ ಆದರೆ ಅದು ದೂರಿನ ಕಾರಣಕ್ಕಲ್ಲ ಅಂತ ಕಂಪನಿಯೇ ಸಾಬೀತು ಮಾಡಬೇಕು. ನನ್ನ ವರ್ಗಾವಣೆ ಆ ನಿಯಮದಲ್ಲಿ ಆಗಿದ್ದರೆ ಸಾಹೇಬರು ಚಹಾದ ಲೆಕ್ಕವನ್ನೂ ಕೊಡಬೇಕಾಗುತ್ತಿತ್ತು. ಜಪಾನಿನಲ್ಲಂತೂ 2022ರಿಂದ, ಕಂಪನಿಯೊಳಗೆ ದೂರು ನೋಡಿಕೊಳ್ಳುವವರು ದೂರುದಾರರ ಗುರುತು ಬಿಟ್ಟುಕೊಟ್ಟರೆ ಅವರ ಮೇಲೇ ದಂಡ.

ಕಾಯ್ದೆ ಇದ್ದ ಮಾತ್ರಕ್ಕೆ ಮಲಗಿ ನಿದ್ದೆ ಮಾಡಬೇಡಿ. ದಕ್ಷಿಣ ಆಫ್ರಿಕಾದಲ್ಲಿ 2000ದಿಂದ ಕಾಯ್ದೆ ಇದೆ. ಬಬಿತಾ ದೇವಕರಣ್ ಎಂಬ ಆರೋಗ್ಯ ಇಲಾಖೆಯ ಹಣಕಾಸು ಅಧಿಕಾರಿ ಆಸ್ಪತ್ರೆಯ ಅನುಮಾನದ ಪಾವತಿಗಳನ್ನು ಎತ್ತಿ ತೋರಿಸಿದ್ದರು, 2021ರ ಆಗಸ್ಟ್ 23ರಂದು ಮನೆ ಮುಂದೆಯೇ ಗುಂಡಿಟ್ಟರು. ಆಸ್ಟ್ರೇಲಿಯಾದಲ್ಲಿ ಸೇನೆಯ ರಹಸ್ಯ ಕಾಗದಗಳನ್ನು ಪತ್ರಕರ್ತರಿಗೆ ಕೊಟ್ಟ ಡೇವಿಡ್ ಮೆಕ್‌ಬ್ರೈಡ್‌ಗೆ 2024ರಲ್ಲಿ 5 ವರ್ಷ 8 ತಿಂಗಳ ಜೈಲು ಶಿಕ್ಷೆ ಆಯಿತು. ನಮ್ಮವರೇ ಆದ ಕೋಲಾರ ಚಿನ್ನದ ಗಣಿಯ ಮಂಜುನಾಥ್ ಷಣ್ಮುಗಂ, ಇಂಡಿಯನ್ ಆಯಿಲ್ ಅಧಿಕಾರಿ, ಕಲಬೆರಕೆ ಪೆಟ್ರೋಲ್ ಬಂಕ್‌ಗಳಿಗೆ ಬೀಗ ಹಾಕಿಸಿದ್ದಕ್ಕೆ 2005ರಲ್ಲಿ ಉತ್ತರ ಪ್ರದೇಶದಲ್ಲಿ ಕೊಲೆಯಾದರು. ವಯಸ್ಸು 27.

ಬೆದರಿಕೆ ಬಂದರೆ

ಸುಮ್ಮನಿರಬೇಡಿ. ಮೊದಲ ಫೋನಿಗೇ ಪೊಲೀಸರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಕೇಸಿನಲ್ಲಿ ನೀವು ಸಾಕ್ಷಿಯಾಗಿದ್ದರೆ 2018ರ ಸಾಕ್ಷಿ ಸಂರಕ್ಷಣಾ ಯೋಜನೆ ಇದೆ, ಸುಪ್ರೀಂ ಕೋರ್ಟ್ ಒಪ್ಪಿದ್ದು. ಅರ್ಜಿಯನ್ನು ಜಿಲ್ಲಾ ನ್ಯಾಯಾಧೀಶರ ನೇತೃತ್ವದ ಸಮಿತಿ ನೋಡುತ್ತದೆ, ಅಪಾಯ ಎಷ್ಟಿದೆ ಅಂತ ಪೊಲೀಸರಿಂದ ವರದಿ ತರಿಸುತ್ತದೆ. ಮನೆಗೆ ಕ್ಯಾಮೆರಾ, ಗಸ್ತು, ಕೋರ್ಟಿಗೆ ಹೋಗಿ ಬರಲು ರಕ್ಷಣೆ, ಇಂಥವು ಸಿಗಬಹುದು.

ನೌಕರಿಗೆ ಕುತ್ತು ಬಂದರೆ ಬಾಗಿಲುಗಳು ಹೀಗಿವೆ. ರಾಜ್ಯ ಸರಕಾರಿ ನೌಕರರಿಗೆ ಕೆಎಟಿಯ, ಅಂದರೆ ರಾಜ್ಯ ಆಡಳಿತ ನ್ಯಾಯಮಂಡಳಿಯ, ಬೆಳಗಾವಿ ಪೀಠ, ಕೇಂದ್ರದವರಿಗೆ ಬೆಂಗಳೂರಿನ ಸಿಎಟಿ, ಅಂದರೆ ಕೇಂದ್ರ ಆಡಳಿತ ನ್ಯಾಯಮಂಡಳಿ, ನಿಗಮ-ವಿಶ್ವವಿದ್ಯಾಲಯದವರಿಗೆ ನಮ್ಮ ಧಾರವಾಡದ ಹೈಕೋರ್ಟ್ ಪೀಠ. ಅಲ್ಲಿ ನ್ಯಾಯಾಧೀಶರು ಕೇಳುವುದು ತಾರೀಖನ್ನು. ದೂರು ಯಾವತ್ತು ಹೋಯಿತು, ಸಾಹೇಬರಿಗೆ ಯಾವತ್ತು ಗೊತ್ತಾಯಿತು, ಮೊದಲ ಮೆಮೋ ಯಾವತ್ತು ಬಂತು. ಅದಕ್ಕೇ ದೂರು ಕಳಿಸಿದ ದಿನದಿಂದ ಒಂದು ಡೈರಿ ಇಡಿ, ಮನೆಯಲ್ಲಿ, ಪೆನ್ನಿನಲ್ಲಿ. ಯಾರು ಕರೆದರು, ಎಷ್ಟು ಗಂಟೆಗೆ, ಏನಂದರು, ಪಕ್ಕದಲ್ಲಿ ಯಾರಿದ್ದರು. ಹಳೆಯ ಒಳ್ಳೆಯ ಗೋಪ್ಯ ವರದಿಗಳ ಪ್ರತಿಯನ್ನೂ ತೆಗೆದಿಡಿ, ಆಮೇಲೆ ನಿಮ್ಮ ಕೆಲಸ ಸರಿ ಇಲ್ಲ ಅಂತ ಬರೆಯಲು ಶುರು ಮಾಡುತ್ತಾರೆ. ನಾನು ವರ್ಗಾವಣೆ ವಿರುದ್ಧ ಹೋದಾಗ ನನ್ನ ವಕೀಲರು ಕೇಳಿದ ಮೊದಲ ಪ್ರಶ್ನೆ, ಸಾಹೇಬರು ಆ ಚಹಾ ಕುಡಿಸಿದ್ದು ಯಾವ ದಿನ ಅಂತ. ನಾನು ಬರೆದಿಟ್ಟುಕೊಂಡಿರಲಿಲ್ಲ.